ಮೀಸಲು ಮರಿಯ ಗಂಟೆ

ಹಿರಿಯೂರಿನ ಆ ಮನೆಯ ಮುಂಗೋಣೆಯಲ್ಲಿ ನಾವು ನಾಲ್ವರಿದ್ದೆವು: ನನ್ನ ಸೋದರಮಾವ, ಅತ್ತೆ, ನಾನು, ಮತ್ತೆ ಊರವರ ತೆರಿಗೆ ಲೆಕ್ಕ ನೋಡುವ ಆ ಮನೆಯ ಮಗಳು. ಅವಳ ಅಜ್ಜ ಉಣ್ಣೆ ವ್ಯಾಪಾರದ ಸಾಹೇಬರು. ಮಾವನ ಅಪ್ಪ ಜವನಗೊಂಡನಹಳ್ಳಿ ಕಡೆಯಿಂದ ಉಣ್ಣೆ ತಂದು ಇಳಿಸುತ್ತಿದ್ದುದು ಇದೇ ಕೋಣೆಯಲ್ಲಿ. ಆ ಸಲಿಗೆಗೆ ಅವಳೂ ಮಾವನನ್ನು ಮಾವ ಎಂದೇ ಕರೆಯುತ್ತಿದ್ದಳು.

ಮಾವ ಕುರಿ ಕಾಯುವವನು. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸಿ, ಹಿಕ್ಕೆ ಗೊಬ್ಬರ ಬಿಟ್ಟುಕೊಟ್ಟು, ರೈತರಿಂದ ಕಾಳುಕಡಿ ಪಡೆಯುವುದು ಅವನ ಬದುಕು. ಸುತ್ತಲ ಊರಿನ ನೆಲವೆಲ್ಲ ಅವನ ಕುರಿಗಳಿಂದ ಕಪ್ಪಾಗಿತ್ತು. ತನ್ನದು ಅಂತ ಒಂದು ಗೇಣು ಹೊಲವಿರಲಿಲ್ಲ. ಆ ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋದಾಗ, ಜೊತೆಯವರು ತಗೊಂಡರೆಂದು ತಾನೂ ಒಂದು ಕೇರಳದ ಲಾಟರಿ ತಗೊಂಡ. ಹೊಡೆಯಿತು. ಐವತ್ತು ಲಕ್ಷ ದಾಟಿದ ಬಹುಮಾನ. ಲಾಟರಿಯವರು ತೆರಿಗೆ ಮುರಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕಿದರು. ಮಾವ ಐಮಂಗಲದ ರೈತರೊಬ್ಬರ ಹೊಲಕ್ಕೆ ಮಾತು ಕೊಟ್ಟುಬಿಟ್ಟ. ಕೈಯಲ್ಲಿದ್ದುದಕ್ಕೂ ಹೊಲದ ಬೆಲೆಗೂ ಸರಿಹೋಗಿತ್ತು.

"ಮಾವ, ಅವ್ರು ಮುರ್ಕಂಡಿರೋದು ಬರೀ ಮೂವತ್ತು ಪರ್ಸೆಂಟು," ಎಂದಳು ಅವಳು. "ದೊಡ್ಡ ಬಹುಮಾನಕ್ಕೆ ಸರ್‌ಚಾರ್ಜ್ ಐತೆ, ಅದರ ಮ್ಯಾಲೆ ಸೆಸ್ ಐತೆ. ಅವೆರಡೂ ನೀವೇ ಕಟ್ಟಬೇಕು. ಮಾರ್ಚ್ ಹದಿನೈದರೊಳಗೆ, ಮುಂಗಡ ತೆರಿಗೆ."

ಮಾವ ಕುಂತಲ್ಲಿಂದ ಎದ್ದೇಬಿಟ್ಟ. "ಏನವ್ವ ಇದು! ಮೀಸಲು ಮರಿ ಒಂದ್ಸಲ ಬಿಟ್ಟಾದ ಮ್ಯಾಲೆ ಮಂದೆಗೆ ಮತ್ತೆ ಯಾರಾದ್ರೂ ಕೈ ಹಾಕ್ತಾರಾ?"

ನಮ್ಮಲ್ಲಿ ಹಾಗೇ. ಮಂದೆಯಲ್ಲಿ ಒಳ್ಳೆಯ ಟಗರುಮರಿಯೊಂದನ್ನು ದೇವರಿಗೆ ಬಿಟ್ಟರೆ, ಉಳಿದದ್ದು ಮನೆಯವರದು. ದೇವರೂ ಎರಡನೇ ಸಲ ಕೇಳುವುದಿಲ್ಲ. ಸರ್ಕಾರವೂ ದೇವರಷ್ಟು ನಿಯತ್ತಿನದೆಂದು ಮಾವ ನಂಬಿದ್ದ.

"ಕುಂತ್ಕಳ್ರಿ ಮಾವ. ಲಾಟರಿ ಹೊಡೀತೈತೆ ಅಂತ ಯಾರಿಗೂ ಮೊದ್ಲೇ ಗೊತ್ತಿರಲ್ಲ. ಅದಕ್ಕೇ ಮುಂಗಡ ತೆರಿಗೆಯ ಹಿಂದಿನ ಕಂತಿಗೆಲ್ಲ ಬಡ್ಡಿ ಹಾಕಲ್ಲ. ಇದೊಂದು ಕೊನೇ ಕಂತು ಬಿಡಬ್ಯಾಡ್ರಿ. ಬಿಟ್ರೆ ಬಡ್ಡಿ ಬೆಳೀತೈತೆ."

"ಕಟ್ಟಿದ್ರೆ ಹೊಲ ಹೋಗ್ತೈತಲ್ಲ!"

ಅಲ್ಲಿವರೆಗೆ ಬಸಿಗೆ ಸುರಿದು ಚಹಾ ಆರಿಸುತ್ತಿದ್ದ ಅತ್ತೆ ಅದನ್ನು ಕೆಳಗಿಟ್ಟಳು. "ಮರಿ ಬಿಡ್ವಾಗ ಅದರ ಕೊರಳಿಗೆ ಗಂಟೆ ಯಾರು ತರ್ತಾರೆ? ಕಾಯಿ, ಹೂವು? ದೇವ್ರು ತರ್ತಾನಾ?"

"ನಾವೇ ತರ್ತೀವಿ."

"ಮತ್ತೆ? ಮರೀನ ಸರ್ಕಾರದವ್ರು ಹಿಡ್ಕಂಡು ಹೋದ್ರು. ಗಂಟೆ ತರೋದು ನಮ್ದು ಉಳಿದೈತೆ. ಗಂಟೆ ಇಲ್ದೆ ಬಿಟ್ಟ ಮರಿ ಮೀಸಲಾಗ್ತೈತೇನು? ನಡಿ, ಹೊಲದವರ ಹತ್ರ ಹೋಗಾಣ. ಬಾಯಿ ಇಲ್ವಾ ನಿಂಗೆ? ಕುರಿಗಾದ್ರೆ ಊರಿಗೆಲ್ಲ ಕೇಳಂಗೆ ಕೂಗ್ತೀಯ."

ಲೆಕ್ಕದ ಹುಡುಗಿ ನಗು ತಡೆಯಲಾಗದೆ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಮಾವನೂ ನಕ್ಕ, ಸ್ವಲ್ಪ ಹೊತ್ತು ಬಿಟ್ಟು. ತೆರಿಗೆ ಅವತ್ತೇ ಕಟ್ಟಿಸಿದ.

ಮಾರನೇ ದಿನ ಐಮಂಗಲದಲ್ಲಿ ಹೊಲದ ರೈತರು ಜಗುಲಿಯ ಮೇಲೆ ಕೂತು ಮಾವನ ಕಥೆ ಪೂರ್ತಿ ಕೇಳಿದರು. ಎಲೆಗೆ ಸುಣ್ಣ ಹಚ್ಚುತ್ತಾ, "ಲೇ, ನಿನ್ನ ಮಂದೆ ನಿಂತ ವರ್ಷ ನಮ್ಮ ಸಜ್ಜೆ ಆಳೆತ್ತರ ಬಂದಿತ್ತು," ಎಂದರು. "ಬಾವಿ ಕಡೆ ನೆಲದ ಪಟ್ಟಿ ಒಂದು ನಂದೇ ಇರ್ಲಿ. ಕೈಲಿರೋ ದುಡ್ಡಿಗೆ ಉಳಿದದ್ದು ರಿಜಿಸ್ಟ್ರಿ ಮಾಡಿಸ್ಕ. ಬ್ಯಾಸಿಗೆಲಿ ನನ್ನ ಬ್ಯಾರೆ ಹೊಲದಾಗೂ ಮಂದೆ ನಿಲ್ಸು. ದುಡ್ಡಾದಾಗ ಪಟ್ಟಿನೂ ತಗಾ, ಇವತ್ತಿನ ಬೆಲೆಗೇ."

"ನೀರು?" ಎಂದಳು ಅತ್ತೆ.

"ಬಾವಿ ನೀರಿಗೆ ಬೇಲಿ ಹಾಕಾಕಾಗ್ತೈತೇನವ್ವ? ಸೇದ್ಕಳ್ರಿ."

ರಿಜಿಸ್ಟ್ರಿಯಾದ ಸಂಜೆ ಮಾವ ಮೊದಲ ಸಲ ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿದ. ಮುಂಗಾರಿಗೆ ಅತ್ತೆ ಸಜ್ಜೆ ಬಿತ್ತಿದಳು. ಬೆಳೆ ಬಂದಾಗ ಮೊದಲ ಮೊರ ದೇವರಿಗೆ ತೆಗೆದಿಟ್ಟು, ಎರಡನೆಯದನ್ನು ಹಿರಿಯೂರಿನ ಆ ಮುಂಗೋಣೆಗೆ ಕೊಟ್ಟುಬಂದಳು.

ಬಾವಿ ಕಡೆಯ ಪಟ್ಟಿ ಹೋದ ತಿಂಗಳು ಮಾವನ ಹೆಸರಿಗಾಯಿತು.