ಚಟ್ನಿಪುಡಿಯ ವೆಬ್‌ಸೈಟೂ ಅತ್ತೆಯ ಮೊದಲಿನ ಹೆಸರೂ

ನಮ್ಮ ಅತ್ತೆ ಮಾಡುವ ಶೇಂಗಾ ಚಟ್ನಿಪುಡಿಗೆ ವೆಬ್‌ಸೈಟ್ ಇದೆ ಎಂದರೆ ಹಳಿಯಾಳದಲ್ಲಿ ಇವತ್ತಿಗೂ ಕೆಲವರು ನಗುತ್ತಾರೆ. ನಗಲಿ. ಕಾಡು ನೋಡಲು ದಾಂಡೇಲಿಗೂ ಜೋಯಿಡಾಕ್ಕೂ ಬರುವ ಪುಣೆಯ ಮಂದಿ ರಿಸಾರ್ಟಿನಲ್ಲಿ ನಮ್ಮ ಖಡಕ್ ರೊಟ್ಟಿ, ಚಟ್ನಿಪುಡಿ ತಿನ್ನುತ್ತಾರೆ. ಊರಿಗೆ ಹೋದ ಮೇಲೆ ಅದೇ ಬೇಕೆಂದು ಹುಡುಕುತ್ತಾರೆ. ಅಂಥವರಿಗೆ ಸಿಗಲಿ ಎಂದು ನನ್ನ ಗಂಡ ವೆಬ್‌ಸೈಟ್ ಮಾಡಿಸಿದರು. ಮೊದಲ ಪುಟದಲ್ಲಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ರೊಟ್ಟಿ ಬುಟ್ಟಿ ಹಿಡಿದು ನಿಂತ ಅತ್ತೆಯ ಫೋಟೋ. ಅದರ ಕೆಳಗೆ ಅವರು ಹೇಳಿದ ಅಡುಗೆಯ ಮಾತುಗಳನ್ನು ನಾನು ಬರೆದು ಹಾಕುವ ಬ್ಲಾಗ್. ನಮ್ಮ ಓಣಿಯ ಹೆಂಗಸರು ಮೂರ್ನಾಲ್ಕು ಮಂದಿ ಆ ಆರ್ಡರುಗಳನ್ನೇ ನಂಬಿ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದರು. ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಅತ್ತೆ, “ಇವತ್ತ ಎಲ್ಲೆಲ್ಲಿಂದ ಬಂದಾವ?” ಎಂದು ಕೇಳಬೇಕು, ನಾನು ಊರುಗಳ ಹೆಸರು ಓದಬೇಕು. ಆ ಊರುಗಳನ್ನು ಕೇಳಿ ಅವರ ಮುಖ ಅರಳುವುದನ್ನು ನೋಡುವುದೇ ನನಗೂ ಒಂದು ಚಟವಾಗಿತ್ತು.

ಬ್ಲಾಗಿಗೆ ಮೊದಲ ಕಮೆಂಟು ಬಂದ ದಿನ ಮನೆಯಲ್ಲಿ ಹಬ್ಬ. ಇಂಗ್ಲಿಷಿನಲ್ಲಿತ್ತು. ನಿಮ್ಮ ಬರಹ ಬಹಳ ಚೆನ್ನಾಗಿದೆ, ಮತ್ತೆ ಖಂಡಿತ ಬರುತ್ತೇನೆ ಎಂದು ಬರೆದು, ಕೊನೆಗೆ ಕೂದಲು ಬೆಳೆಸುವ ಎಣ್ಣೆಯ ಅಂಗಡಿಯ ಕೊಂಡಿ ಹಾಕಿದ್ದರು. ನಾನು ಓದಿ ಅರ್ಥ ಹೇಳಿದೆ.

“ಯಾವಾಗ ಬರ್ತಾರಂತ ಕೇಳು,” ಅತ್ತೆ ಅಂದರು. “ಒಮ್ಮೆಲೇ ಬಂದು ನಿಂತ್ರ ಮನ್ಯಾಗ ಏನೈತಿ?”

“ಅತ್ತೀ, ಇದು ಮನಶ್ಯಾ ಅಲ್ರೀ, ಮಷೀನು. ಊರ ಮಂದಿಗೆಲ್ಲಾ ಹಿಂಗ ಬರೀತೈತಿ.”

“ಮಷೀನ ಆದ್ರೇನು, ಚಲೋ ಮಾತ ಆಡೇತಿಲ್ಲೋ? ಬಾಗಲಕ್ಕ ಬಂದವರನ್ನ ಹೊರಗ ನಿಲ್ಲಸೂ ಪದ್ಧತಿ ನಮ್ಮ ಮನ್ಯಾಗಿಲ್ಲ. ಒಳಗ ತಗೋ.”

ಅಪ್ರೂವ್ ಒತ್ತಿ ಒಳಗೆ ತಗೊಂಡೆ. ಒಬ್ಬರ ಹಿಂದೆ ಒಬ್ಬರು ಬಂದರು. ಹೊಟ್ಟೆ ಕರಗಿಸುವವರು, ಸಾಲ ಕೊಡುವವರು, ಲಗ್ನ ಮಾಡಿಸುವವರು, ಎಲ್ಲರೂ ಅತ್ತೆಯ ಗುರೆಳ್ಳು ಚಟ್ನಿಯನ್ನು ಹೊಗಳಿದವರೇ. ದಾಂಡೇಲಿಯ ಬಂಗೂರನಗರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನನ್ನ ಗೆಳತಿ ಒಮ್ಮೆ ಅದನ್ನು ನೋಡಿ ತಲೆ ಚಚ್ಚಿಕೊಂಡಳು. “ಇದೇನ ವೆಬ್‌ಸೈಟೋ, ಬಸ್ ಸ್ಟ್ಯಾಂಡೋ? ಮದಲ ಇವನ್ನೆಲ್ಲಾ ತಗಿ. ಪಾಸ್‌ವರ್ಡ್ ಏನಿಟ್ಟೀರಿ?” ನನ್ನ ಗಂಡ ಹೆಮ್ಮೆಯಿಂದಲೇ ಹೇಳಿದರು. ಅಂಗಡಿಯ ಹೆಸರು, ಮುಂದೆ ಒಂದು ಎರಡು ಮೂರು. ಅವಳು ಇವತ್ತೇ ಬದಲಿಸಿ ಎಂದಳು, ಅಪ್‌ಡೇಟ್ ಮಾಡಿ ಎಂದಳು, ಫೋನಿಗೆ ಓಟಿಪಿ ಬರುವ ಹಾಗೆ ಮಾಡಿಕೊಳ್ಳಿ ಎಂದಳು. ನನ್ನ ಗಂಡ ಎಲ್ಲಕ್ಕೂ ಗೋಣು ಹಾಕಿ, ಅವಳು ಹೋದ ಮೇಲೆ, “ಚಟ್ನಿಪುಡಿ ಯಾರ ಕದೀತಾರ?” ಅಂದರು. ಅಪ್‌ಡೇಟ್ ಮಾಡಿ ಎಂದು ಪರದೆಯ ಮೇಲೆ ದಿನಾ ಬರುತ್ತಿದ್ದ ಕೆಂಪು ಅಕ್ಷರಗಳನ್ನು ಅವರು ವಿಮಾ ಏಜೆಂಟನನ್ನು ಕಂಡ ಹಾಗೆ ಕಂಡೂ ಕಾಣದಂತೆ ದಾಟಿಬಿಡುತ್ತಿದ್ದರು.

ಒಂದು ಬೆಳಿಗ್ಗೆ ಗೆಳತಿಯ ಫೋನ್ ಬಂತು. “ನಿಮ್ಮ ಅತ್ತಿ ಯಾವಾಗಿಂದ ಜೂಜ ಆಡಸಾಕ ಹತ್ಯಾರ?”

ವೆಬ್‌ಸೈಟ್ ತೆಗೆದು ನೋಡಿದೆ. ಅತ್ತೆ ಇದ್ದ ಹಾಗೇ ಇದ್ದಾರೆ. ಅದೇ ಸೀರೆ, ಅದೇ ವಿಭೂತಿ, ಅದೇ ಬುಟ್ಟಿ. ತಲೆಯ ಮೇಲಿಂದ ಮಾತ್ರ ಇಸ್ಪೀಟೆಲೆಗಳು ಒಂದೇ ಸಮನೆ ಉದುರುತ್ತಿವೆ. ಪಕ್ಕದಲ್ಲಿ ತುಂಡು ಬಟ್ಟೆಯ ಹುಡುಗಿಯೊಬ್ಬಳು ಇವತ್ತೇ ಆಡಿ, ಇವತ್ತೇ ಗೆಲ್ಲಿ ಎಂದು ಕರೆಯುತ್ತಿದ್ದಾಳೆ. ದೀಪಾವಳಿಗೆ ಓಣಿಯ ಗಂಡಸರು ಇಸ್ಪೀಟಿಗೆ ಕೂತರೆ ಅವರ ಕೆಳಗಿನ ಚಾಪೆಯನ್ನೇ ಎಳೆದು ಮಡಚಿ ಒಯ್ಯುವ ಹೆಂಗಸು ನಮ್ಮ ಅತ್ತೆ. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಅವರಿಗೆ ತಿಳಿಯುವ ಮೊದಲೇ ಸರಿ ಮಾಡಬೇಕು ಎಂದಾಯಿತು. ಎಲ್ಲೆಲ್ಲಿಂದ ಬಂದಾವ ಎಂದು ಕೇಳಿದಾಗ ನಾನು ಬಾಯಿಗೆ ಬಂದ ಊರು ಹೇಳತೊಡಗಿದೆ.

ಪಾಸ್‌ವರ್ಡನ್ನೂ ಇಮೇಲನ್ನೂ ಕಳ್ಳರು ಬದಲಿಸಿಬಿಟ್ಟಿದ್ದರು. ವೆಬ್‌ಸೈಟಿಗೆ ಜಾಗ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ಬೆಂಗಳೂರಿನ ಕಡೆಯ ಕನ್ನಡದ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಮಾತಾಡಿದಳು. “ಸರ್, ಅಕೌಂಟ್ ತೆಗೆಯುವಾಗ ನೀವು ಒಂದು ಭದ್ರತಾ ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಿ. ಅದನ್ನು ಹೇಳಿದರೆ ಸೈಟ್ ನಿಮ್ಮ ಕೈಗೆ ಬರುತ್ತೆ. ಇಲ್ಲಾಂದ್ರೆ ನಾವು ಅದನ್ನ ಪೂರ್ತಿ ಮುಚ್ಚಬೇಕಾಗುತ್ತೆ. ನಿಮ್ಮ ತಾಯಿಯವರ ಮೇಡನ್ ನೇಮ್ ಹೇಳಿ.”

ನನ್ನ ಗಂಡ ಅತ್ತೆಯ ತವರಿನ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹೇಳಿದರು. ತಪ್ಪು ಅಂದಳು. ಫೋನ್ ಇಟ್ಟ ಮೇಲೆ ಅವರಿಗೆ ನೆನಪಾಯಿತು. ಮೇಡನ್ ನೇಮ್ ಎಂದರೆ ಇಂಗ್ಲಿಷಿನವರ ಲೆಕ್ಕದಲ್ಲಿ ತವರಿನ ಅಡ್ಡಹೆಸರು. ಅಕೌಂಟ್ ತೆಗೆಯುವಾಗ ಇವರು ಅದನ್ನು ಮದುವೆಗೆ ಮೊದಲಿನ ಹೆಸರು ಎಂದು ತಿಳಿದಿದ್ದರು. ನಮ್ಮ ಕಡೆ ಆಗೆಲ್ಲ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ ಉಂಗುರದಿಂದ ಮದುಮಗಳಿಗೆ ಹೊಸ ಹೆಸರು ಬರೆಯುತ್ತಿದ್ದರು. ಅಲ್ಲಿಗೆ ಹಳೆಯ ಹೆಸರಿನ ಕಥೆ ಮುಗಿಯಿತು. (ನನ್ನ ಸರದಿ ಬಂದಾಗ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಲ್ಲ ಕಾಗದ ಬದಲಿಸಬೇಕಾಗುತ್ತದೆ ಎಂದು ಹೆದರಿಸಿ ನಾನು ಬಚಾವಾದೆ.) ಆ ದಿನ ಇವರು ಅಡುಗೆಮನೆಯ ಕಡೆ ತಿರುಗಿ, ಯವ್ವಾ, ಮದಲ ನಿನ್ನ ಹೆಸರೇನಿತ್ತು ಎಂದು ಕೂಗಿದ್ದರಂತೆ. ಅತ್ತೆ ಹೇಳಿದ್ದರಂತೆ. ಇವರು ಬರೆದು ಮರೆತಿದ್ದರಂತೆ.

“ಹಡದ ತಾಯಿ ಹೆಸರ ಮರತೀರಿ?” ಅಂದೆ.

“ನಿನಗ ಗೊತ್ತೈತೇನು?” ಅಂದರು. ನನಗೂ ಗೊತ್ತಿರಲಿಲ್ಲ. ಆ ಮನೆಗೆ ಬಂದು ಇಷ್ಟು ವರ್ಷವಾದರೂ ಅದನ್ನು ಕೇಳಬೇಕು ಎಂದು ನನಗೆ ಅನ್ನಿಸಿರಲೇ ಇಲ್ಲ.

ಅತ್ತೆಯನ್ನೇ ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೇ ಮುಂಡಗೋಡದ ಹತ್ತಿರ ಪಾಳಾದಲ್ಲಿರುವ ಸೋದರಮಾವನಿಗೆ ಫೋನ್ ಹಚ್ಚಿದೆವು. ಅತ್ತೆಯ ಕೊನೆಯ ತಮ್ಮ ಅವರು.

“ಅಕ್ಕನ ಹೆಸರಾ? ಅಕ್ಕಗ ಅಕ್ಕ ಅಂತಿದ್ವಿ.”

“ಅಲ್ರೀ ಮಾಮಾ, ನಿಮ್ಮಪ್ಪ ಏನಂತಿದ್ರು?”

“ಅಪ್ಪ ‘ಏ ಹುಡುಗಿ’ ಅಂತಿದ್ದ. ಲಗ್ನ ಆದಾಗ ನಾ ತೊಟ್ಟಲದಾಗ ಇದ್ನ್ಯೋ ಮಾರಾಯ. ತಡಿ, ಅಕ್ಕಗ ಫೋನ್ ಮಾಡಿ ಕೇಳಿ ಹೇಳ್ತೇನಿ.”

ಬೇಡ ಬೇಡ ಎನ್ನುವಷ್ಟರಲ್ಲಿ ಮಾವ ಫೋನ್ ಇಟ್ಟಾಗಿತ್ತು. ಒಳಗೆ ಅತ್ತೆಯ ಫೋನ್ ರಿಂಗಾಯಿತು. ಆಮೇಲೆ ಶೇಂಗಾ ಹುರಿಯುವ ಸದ್ದು ನಿಂತಿತು. ನನ್ನ ಗಂಡ ಚಪ್ಪಲಿ ಹುಡುಕತೊಡಗಿದರು. ನಾನು ಅಂಗಿ ಹಿಡಿದು ನಿಲ್ಲಿಸಿದೆ.

ಅತ್ತೆ ಹೊರಗೆ ಬಂದರು. “ಏನ ನಡಸೀರಿ ಇಬ್ರೂ?”

ಹೇಳಿದೆವು. ತೋರಿಸು ಅಂದರು, ತೋರಿಸಿದೆವು. ತಮ್ಮ ತಲೆಯ ಮೇಲೆ ಉದುರುವ ಎಲೆಗಳನ್ನು ಅವರು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ಈ ಹುಡುಗಿಗೆ ಥಂಡಿ ಆಗೂದಿಲ್ಲೇನ?” ಅಂದರು. ನಂತರ ಮಗನ ಕಡೆ ತಿರುಗಿ, “ನಿನಗ ಮರತತಿ, ನನಗ ಮರತಿಲ್ಲ. ಹಚ್ಚು ಫೋನು,” ಅಂದರು.

ಸ್ಪೀಕರಿಗೆ ಹಾಕಿ ಹಚ್ಚಿದೆವು. ಕಂಪನಿಯ ಅದೇ ಹುಡುಗಿ ಸಿಕ್ಕಳು. ಇನ್ನೊಮ್ಮೆ ತಪ್ಪಾದರೆ ಮುಗಿಯಿತು ಸರ್ ಎಂದಳು. ನನ್ನ ಗಂಡ ಫೋನನ್ನು ತಾಯಿಯ ಮುಂದೆ ಹಿಡಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವ ಹಾಗೆ ನೆಟ್ಟಗೆ ನಿಂತು, ಒಂದು ಹೆಸರು ಹೇಳಿದರು. ಬಹಳ ಚೆಂದದ ಹೆಸರು. ಇಲ್ಲಿ ಬರೆಯುವುದಿಲ್ಲ, ನಮ್ಮ ಕಳ್ಳರು ಕನ್ನಡ ಓದುವುದಿಲ್ಲ ಎಂದು ಯಾವ ಧೈರ್ಯದಿಂದ ಹೇಳಲಿ?

ಆ ಕಡೆ ಟಕಟಕ ಸದ್ದಾಯಿತು. “ಸರಿಯಾಗಿದೆ ಸರ್,” ಅಂದಳು. “ಸೈಟ್ ನಿಮ್ಮದೇ. ಹೊಸ ಪಾಸ್‌ವರ್ಡ್ ಕಳಿಸ್ತೀವಿ. ಆದ್ರೆ ದಯವಿಟ್ಟು ಈ ಭದ್ರತಾ ಪ್ರಶ್ನೆ ಬದಲಾಯಿಸಿಬಿಡಿ. ತಾಯಿ ಹೆಸರು ಅಂದ್ರೆ ಮನೆಯವರಿಗೆಲ್ಲ ಗೊತ್ತಿರುತ್ತೆ, ಯಾರು ಬೇಕಾದ್ರೂ ಹೇಳಿಬಿಡ್ತಾರೆ.”

ನನಗೆ ನಗು ತಡೆಯಲಾಗಲಿಲ್ಲ. ಕಳ್ಳರು ನಮ್ಮ ಮನೆಯ ಎಲ್ಲವನ್ನೂ ತೆರೆದು ನೋಡಿದ್ದರು. ಈ ಹೆಸರೊಂದು ಮಾತ್ರ ಹೆತ್ತ ಮಗನಿಗೂ ಸಿಕ್ಕಿರಲಿಲ್ಲ. ನನ್ನ ಗಂಡ ನೆಲ ನೋಡುತ್ತಿದ್ದರು. ಅತ್ತೆ ಒಲೆಯ ಕಡೆ ತಿರುಗಿದರು.

ಆ ಹುಡುಗಿಗೆ ಇದೊಂದೂ ಗೊತ್ತಿಲ್ಲ. ಅವಳ ಮುಂದಿನ ಪರದೆಯಲ್ಲಿ ಇದ್ದದ್ದು ಆ ಹೆಸರೊಂದೇ. ಅದನ್ನೇ ಹಿಡಿದು, ಕೊನೆಗೆ ಅಮ್ಮಾ ಎಂದು ಸೇರಿಸಿ, “ಲೈನಲ್ಲಿ ಇದ್ದೀರಾ?” ಎಂದು ಕರೆದಳು.

“ಓ,” ಅಂದರು ಅತ್ತೆ.

ಫೋನಿನಲ್ಲಿ ಯಾವಾಗಲೂ ‘ಹೇಳ್ರಿ’ ಎನ್ನುವ ಹೆಂಗಸು. ಆ ಓ ಯಾವುದೋ ಅಂಗಳದಿಂದ, ಆಟ ಬಿಟ್ಟು ಬರಲು ಮನಸ್ಸಿಲ್ಲದ ಹುಡುಗಿಯ ದನಿಯಲ್ಲಿ ಬಂತು. ನನ್ನ ಗಂಡ ತಲೆ ಎತ್ತಿ ತಾಯಿಯನ್ನು ನೋಡಿದರು.

“ಬೇರೆ ಏನಾದ್ರೂ ಸಹಾಯ ಬೇಕಿತ್ತಾ?” ಎಂದಳು ಅವಳು, ಇನ್ನೇನು ಇಡುವವಳ ಹಾಗೆ. ನಾನು ಗಂಡನ ಕೈಯಿಂದ ಫೋನ್ ಕಸಿದುಕೊಂಡೆ.

“ಇಡಬ್ಯಾಡ್ರಿ ಮೇಡಂ,” ಅಂದೆ. “ನಮ್ಮ ಅತ್ತಿಯವರು ಏನೋ ಕೇಳೂದೈತಿ ಅನ್ನಾಕ ಹತ್ಯಾರ, ಇನ್ನೊಂದಸಲ ಹೆಸರ ಹಿಡದು ಕರೀರಿ.”