ಆರರಿಂದ ಹತ್ತರವರೆಗೆ

ಮೊನ್ನೆ ಚಹಾ ಕುಡಿದ ಗಿರಾಕಿಯೊಬ್ಬರು ಒಂದು ಚಿಟಿಕೆ ಸೋಂಪು ಕೇಳಿದರು. ಡಬ್ಬಿಯ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬಂದದ್ದೇ ತಡ, ಚಮಚ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅವರು ಕೇಳಿದ್ದು ಬಾಯಿ ರುಚಿಗೆ. ಆದರೆ ನನ್ನ ಅಂಗಡಿಯಲ್ಲಿ ಒಂದು ಕಾಲಕ್ಕೆ ಸೋಂಪು ಖರ್ಚಾಗುತ್ತಿದ್ದದ್ದು ರುಚಿಗಲ್ಲ. ಬೆಳಿಗ್ಗೆ ಏಳಕ್ಕೇ ಬಾಯಿಂದ ಬರುವ ಇನ್ನೊಂದು ವಾಸನೆ ಮೇಸ್ತ್ರಿಗೆ ಗೊತ್ತಾಗಬಾರದು ಎಂದು.

ಅದರ ಕಥೆ ಬರೆಯುತ್ತೇನೆ. ನಾನು ಸೇಡಂ ಕಡೆಯ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆ ತನಕ ಓದಿದವಳು. ಅಕ್ಷರ ಸೊಟ್ಟಗೆ ಬಂದರೆ ಸಹಿಸಿಕೊಳ್ಳಿ. ಮಾತು ಸೊಟ್ಟಗಾಗದಂತೆ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷ ಸೊಟ್ಟಗಿದ್ದದ್ದು ಅದೇ.

ನನ್ನ ಚಹಾದ ಡಬ್ಬಾ ಅಂಗಡಿ ಇರುವುದು ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹೊರಗೆ, ಕೂಲಿಯವರು ಬಂದು ನಿಲ್ಲುವ ಅಡ್ಡಾದಲ್ಲಿ. ಬೆಳಗಿನ ಹೊತ್ತು ಅಲ್ಲಿ ಎಲ್ಲವೂ ಕನಸಿನಲ್ಲಿ ನಡೆದಂತೆ ಇರುತ್ತದೆ. ಹಾಲಿನ ಹಬೆ, ಬೀಡಿಯ ಹೊಗೆ, ಆ ಮಬ್ಬಿನಲ್ಲಿ ಗಾರೆ ಹೊರುವ ಪುಟ್ಟಿ, ಗಾರೆ ಸವರುವ ಕರಣಿ ಹಿಡಿದು ನಿಂತ ಜನ. ಯಾದಗಿರಿಯವರು, ರಾಯಚೂರಿನವರು, ಮೆಹಬೂಬನಗರದವರು. ಲೋಕಲ್ ರೈಲು ಬಂದು ನಿಂತರೆ ಇನ್ನಷ್ಟು ನೆರಳುಗಳು ಇಳಿದು ಈ ನೆರಳುಗಳೊಳಗೆ ಸೇರಿಕೊಳ್ಳುತ್ತವೆ. ಸೂರ್ಯ ನೀರಿನ ಟ್ಯಾಂಕಿನ ಮೇಲೆ ಬರುವಷ್ಟರಲ್ಲಿ ಎಲ್ಲರೂ ಕೊಂಡಾಪುರದ ಯಾವುದೋ ಹತ್ತನೆಯ ಅಂತಸ್ತಿಗೆ ಹೋಗಿ, ಅಡ್ಡಾ ಖಾಲಿ.

ಸರ್ಕಾರದ ನಿಯಮದಂತೆ ಎದುರಿನ ವೈನ್ಸ್ ಅಂಗಡಿ ತೆರೆಯುವುದು ಹತ್ತಕ್ಕೆ. ಆದರೆ ಕೈ ನಡುಗುವವನಿಗೆ ಕರಣಿ ಹಿಡಿಯಲು ಬೇಕಾಗುವುದು ಏಳಕ್ಕೆ. ನಡುವಿನ ಆ ಹೊತ್ತು ನನ್ನದಾಗಿತ್ತು. ಚಹಾಪುಡಿಯ ಟ್ರಂಕಿನ ತಳದಲ್ಲಿ ಕ್ವಾರ್ಟರ್ ಬಾಟ್ಲಿಗಳನ್ನು ಇಟ್ಟು ಮಾರುತ್ತಿದ್ದೆ. ಚಹಾ ನನ್ನ ಹೊಟ್ಟೆ ತುಂಬಿಸುತ್ತಿತ್ತು, ಟ್ರಂಕು ಮನೆ ಬಾಡಿಗೆ ಕಟ್ಟುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ.

ಈಗ ನನ್ನ ಬೆಂಚಿನ ಮೇಲೆ ದಿನಾ ಆ ಹೊತ್ತಿನದೇ ವಾದ. ವೈನ್ಸ್ ಅಂಗಡಿಯನ್ನು ಮಧ್ಯಾಹ್ನ ಒಂದಕ್ಕೆ ತೆರೆದು ಸಂಜೆ ಎಂಟಕ್ಕೆ ಮುಚ್ಚಬೇಕೆಂದು ಬಸ್ತಿಯ ಹೆಂಗಸರು ಅರ್ಜಿ ಹಾಕಿದ್ದಾರೆ. ಅದನ್ನು ಬರೆದುಕೊಟ್ಟವರು ರಾವ್ ಸಾಹೇಬರು. ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು, ಧಾರವಾಡದ ಕಡೆಯ ಮನೆತನ. ಹೊತ್ತು ಕಡಿಮೆಯಾದರೆ ಚಟವೂ ಕಡಿಮೆಯಾಗುತ್ತದೆಂದು ಅವರು ಬೆರಳೆತ್ತಿ ಹೇಳುತ್ತಾರೆ. ಪೇಂಟರ್ ಒಬ್ಬ ಒಪ್ಪುವುದಿಲ್ಲ. “ಗಂಟಲಿಗೆ ಗಡಿಯಾರ ಕಟ್ಟತೀರೇನ್ರಿ ಸಾಹೇಬ್ರ?” ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನು ಲೋಟ ತೊಳೆಯುತ್ತೇನೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತೇನೆ.

ನನಗೊಬ್ಬ ತಮ್ಮ, ಹಣಮಂತ. ಟೈಲ್ಸ್ ಕೂರಿಸುವುದರಲ್ಲಿ ಎತ್ತಿದ ಕೈ. ನೆಲದ ಮೇಲೆ ಅಂಗೈ ಸವರಿಯೇ ಏರುತಗ್ಗು ಹೇಳುತ್ತಿದ್ದ. ಕುಡಿತ ಹತ್ತಿದ ಮೇಲೆ ಅದೇ ಅಂಗೈ ಬೆಳಿಗ್ಗೆ ನಡುಗತೊಡಗಿತು. ಒಂದು ದಿನ ಬಂದು ಟ್ರಂಕಿನ ಕಡೆ ನೋಡಿದ. ಅಡ್ಡಾದ ಜನರೆಲ್ಲ ಕೇಳುವಂತೆ ಬೈದೆ. ಊರಿಗೆಲ್ಲ ಕೊಟ್ಟರೂ ನಿನಗೆ ಕೊಡುವುದಿಲ್ಲ, ಸತ್ತ ಅವ್ವನ ಆಣೆ ಎಂದೆ. ತಲೆ ತಗ್ಗಿಸಿ ಹೋದ. ನನಗೆ ಎಷ್ಟು ಹೆಮ್ಮೆ ಅನಿಸಿತೆಂದರೆ, ಆವತ್ತು ಎಲ್ಲರ ಚಹಾಕ್ಕೂ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ.

ಮರುದಿನದಿಂದ ಮೋನಪ್ಪ ಬರತೊಡಗಿದ. ತಮ್ಮನ ಜೋಡಿ ಕೆಲಸ ಮಾಡುವವನು. ಹೆಂಡತಿಗೆ ಮಾತು ಕೊಟ್ಟು ಕುಡಿತ ಬಿಟ್ಟು ಆಗಲೇ ಮೂರು ವರ್ಷವಾಗಿತ್ತು. ಅಡ್ಡಾಕ್ಕೆಲ್ಲ ಗೊತ್ತಿದ್ದ ಸಂಗತಿ. ದಿನಾ ನೆಲ ನೋಡುತ್ತ ಒಂದು ಕ್ವಾರ್ಟರ್ ಕೇಳುತ್ತಿದ್ದ. ನಾನು ಟ್ರಂಕು ನೋಡುತ್ತ ಕೊಡುತ್ತಿದ್ದೆ. ಯಾರಿಗೆಂದು ಎರಡು ವರ್ಷ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳಿಬಿಡುತ್ತಿದ್ದ. ಹೇಳಿದ್ದರೆ ನಾನು ಕೊಡುವಂತಿರಲಿಲ್ಲ.

ಆಮೇಲೆ ತಮ್ಮನ ಕಣ್ಣು ಅರಿಶಿನವಾಯಿತು, ಹೊಟ್ಟೆ ಉಬ್ಬಿತು. ದವಾಖಾನೆಯ ಮಂಚದ ಪಕ್ಕ ಕೂತ ದಿನವೇ ಟ್ರಂಕು ಖಾಲಿ ಮಾಡಿಸಿದೆ. ಪೊಲೀಸರ ಕಾಟ ಅಂತ ಜನರಿಗೆ ಹೇಳಿದೆ. ಅವನು ಬದುಕಿದ. ಬಿಟ್ಟೂ ಬಿಟ್ಟ. ಕೊಂಡಾಪುರದ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಆದ. ಹೇಗೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: ಇಡೀ ಹೈದರಾಬಾದಿನಲ್ಲಿ ನನಗೆ ಇಲ್ಲ ಅಂದವಳು ನಮ್ಮಕ್ಕ ಒಬ್ಬಳೇ. ಕುಡಿಯಬೇಕು ಅನಿಸಿದಾಗ ಆಕೆಯ ಮುಖ ನೆನೆಸಿಕೊಳ್ಳುತ್ತೇನೆ.

ನನ್ನ ಈ ಮುಖ. ಕನ್ನಡಿ ನೋಡದೆ ತಲೆ ಬಾಚಿಕೊಳ್ಳುವುದನ್ನು ಆಗ ಕಲಿತೆ.

ಹೋದ ತಿಂಗಳು ಒಂದು ಭಾನುವಾರ ಸಂಜೆ ಬಸ್ತಿಯ ಸಮುದಾಯ ಭವನದಲ್ಲಿ ಅರ್ಜಿಯ ಸಭೆ ಸೇರಿತು. ಬಿಟ್ಟವನ ಬಾಯಿಂದ ಎರಡು ಮಾತು ಬರಲಿ ಎಂದು ರಾವ್ ಸಾಹೇಬರು ತಮ್ಮನನ್ನು ಕರೆಸಿದ್ದರು. ಅವನು ಎದ್ದು ನಿಂತು ಮತ್ತೆ ಅದನ್ನೇ ಹೇಳಿದ. ಹೆಂಗಸರು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ದೂರದಲ್ಲಿ ಯಾರದೋ ಮನೆಯ ಹೆಂಚಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು. ಸುಮ್ಮನೆ ಕೂತಿದ್ದರೆ ಅವನ ನಂಬಿಕೆ ಹಾಗೇ ಉಳಿಯುತ್ತಿತ್ತು. ಹೇಳಿದರೆ ಅವನು ಮತ್ತೆ ಕುಡಿಯಲೂಬಹುದು. ಎರಡೂ ಗೊತ್ತಿದ್ದೇ ಎದ್ದೆ. ಧೈರ್ಯವೋ, ನನ್ನ ಭಾರ ಅವನ ತಲೆಗೆ ಹೊರಿಸುವ ಆಸೆಯೋ, ಇವತ್ತಿಗೂ ಗೊತ್ತಿಲ್ಲ.

“ಕೊಟ್ಟೀನಿ,” ಎಂದೆ. “ಮೋನಪ್ಪನ ಕೈಯಾಗ ದಿನಾ ಕೊಟ್ಟೀನಿ. ನಿನಗಂತ ನನಗ ಗೊತ್ತಿತ್ತು. ಬರೇ ಹೊಟ್ಟಿಮ್ಯಾಲ ಕುಡೀಬಾರದಂತ ಪೊಟ್ಟಣದಾಗ ಎರಡು ಕುದಿಸಿದ ತತ್ತಿ ಇಡತಿದ್ದೆ.”

ಹಣಮಂತ ನನ್ನ ಕಡೆ ತಿರುಗಿದ.

“ಮೋನಪ್ಪನ ಹೆಂಡತಿ ಇಡತಾಳ ಅಂತ ತಿಳಕೊಂಡಿದ್ದೆ,” ಎಂದ. “ಅದಕ್ಕಂತ ಆಕಿಗೆ ಎರಡು ಸಲ ಬಳಿ ಇಡಿಸೀನಿ.”

ಯಾರೂ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ.

ಒಂಬತ್ತು ದಿನ ಫೋನು ಎತ್ತಲಿಲ್ಲ. ಹತ್ತು ಗಂಟೆಗೆ ಎದುರಿನ ಬಾಗಿಲು ತೆರೆದಾಗೆಲ್ಲ ಸಾಲಿನಲ್ಲಿ ಅವನ ಬೆನ್ನು ಹುಡುಕುತ್ತಿದ್ದೆ. ಒಂದೊಂದು ದಿನ ಎಲ್ಲರ ಬೆನ್ನೂ ಅವನದೇ ಅನಿಸುತ್ತಿತ್ತು.

ಹತ್ತನೆಯ ದಿನ, ಇನ್ನೂ ಹಾಲು ಉಕ್ಕಿರಲಿಲ್ಲ, ಬಂದು ಬೆಂಚಿನ ಮೂಲೆಯಲ್ಲಿ ಕೂತ. ಕೂಲಿಯವರು ಬಂದರು, ಹೋದರು. ಅವನು ಏಳಲಿಲ್ಲ. ಡ್ಯೂಟಿ ಇಲ್ಲವೇನೋ ಎಂದು ಕೇಳಿದೆ. ರಾತ್ರಿ ಪಾಳಿ ಕೇಳಿ ತಗೊಂಡೆ ಎಂದ. ಆಮೇಲೆ ರಸ್ತೆ ನೋಡುತ್ತ ಹೇಳಿದ:

“ಇಷ್ಟ ದಿನ ನಿನ್ನ ಮುಖ ನೆನಸತಿದ್ದೆ. ಈಗ ನೆನಸಿದ್ರ ತತ್ತಿ ಕಾಣಸ್ತಾವ. ಬೆಳಗಿನ ಹೊತ್ತು ಭಾಳ ಉದ್ದ ಆಗೇತಿ ಅಕ್ಕಾ. ಒಬ್ಬಾವ್ನ ಖೋಲ್ಯಾಗ ಕೂಡಾಕ ಆಗವಲ್ದು.”

ಕುಡಿದೆಯಾ ಎಂದು ಕೇಳಿದೆ. ಕೇಳದೆ ಇರುವ ಕಾಲ ಮುಗಿದಿತ್ತು.

“ಇನ್ನೂ ಇಲ್ಲ.”

ಅಂದಿನಿಂದ ದಿನಾ ಬರುತ್ತಾನೆ. ಆರಕ್ಕೆ ಬಂದು ಕೂರುತ್ತಾನೆ, ಹತ್ತಕ್ಕೆ ಎದುರಿನ ವೈನ್ಸ್ ಬಾಗಿಲು ತೆರೆದ ಮೇಲೆ ಏಳುತ್ತಾನೆ. ಅವನ ಕಾಲುಗಳು ರಸ್ತೆಯ ಯಾವ ಕಡೆ ತಿರುಗುತ್ತವೆಂದು ನಾನು ನೋಡುತ್ತೇನೆ. ನಾನು ನೋಡುತ್ತಿರುವುದು ಅವನಿಗೂ ಗೊತ್ತು. ಇಲ್ಲಿಯ ತನಕ ಸ್ಟೇಷನ್ನಿನ ಕಡೆಗೇ ತಿರುಗಿವೆ. ಅರ್ಜಿ ಯಾವುದೋ ಕಚೇರಿಯಲ್ಲಿದೆಯಂತೆ. ಒಂದು ಗಂಟೆಗೆ ತೆರೆಯುವ ನಿಯಮ ಬಂದರೆ ಇನ್ನೂ ಮೂರು ತಾಸು ನಾವಿಬ್ಬರೂ ಕೂತಿರಬೇಕಾಗುತ್ತದೆ. ಬರಲಿ, ಕೂರುತ್ತೇವೆ.

ಮಾತು ಕಡಿಮೆ. ಮೊದಮೊದಲು ನಾನು ಚಹಾ ಕೊಡಹೋದರೆ ಕೈ ಚಾಚುತ್ತಿರಲಿಲ್ಲ; ಬೆಂಚಿನ ಮೇಲಿಟ್ಟು ಸರಿದ ಮೇಲೆ ಎತ್ತಿಕೊಳ್ಳುತ್ತಿದ್ದ. ಇವತ್ತು ಬೆಳಿಗ್ಗೆ ಲೋಟವನ್ನು ನನ್ನ ಕೈಯಿಂದಲೇ ತಗೊಂಡ.