ಹಗ್ಗ ಬಿಟ್ಟ ಮಧ್ಯಾಹ್ನ

ನಾನಿದ್ದ ಟಗ್ ಯುದ್ಧಕ್ಕೆಂದು ಕಟ್ಟಿದ್ದಲ್ಲ. ಅಬುಧಾಬಿ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ತಳ್ಳಿ ದಕ್ಕೆಗೆ ತಾಗಿಸುವುದು ಅದರ ಕಸುಬು. ಅದರಲ್ಲಿ ನಾನು ಸೆಕೆಂಡ್ ಇಂಜಿನಿಯರ್. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಡ್ರೋನ್ ಬೀಳತೊಡಗಿದ ಮೇಲೆ ಕಂಪನಿ ನಮ್ಮ ಟಗ್ಗನ್ನು ಒಂದು ನೌಕಾಪಡೆಗೆ ಬಾಡಿಗೆಗೆ ಕೊಟ್ಟಿತು. ಎರಡೇ ವಾರದಲ್ಲಿ ಅದರ ಕೆಂಪು ಬಣ್ಣ ಹೋಗಿ ಬೂದು ಬಂತು. ಹೆಸರು ಅಳಿಸಿ ಸಂಖ್ಯೆ ಬರೆದರು. ಹನ್ನೊಂದು ಜನ ನಾವು ಮಾತ್ರ ಹಳಬರೇ.

"ಯುದ್ಧ ಮಾಡೋರು ಅವ್ರು. ನಿಮ್ದು ಬರೀ ಸಪೋರ್ಟ್ ಕೆಲ್ಸ" ಎಂದಿದ್ದರು ಆಫೀಸಿನವರು.

ಮೊದಲ ತಿಂಗಳುಗಳಲ್ಲಿ ಅದು ನಿಜವೇ ಆಗಿತ್ತು. ಯುದ್ಧನೌಕೆಗಳಿಗೆ ಸಿಹಿನೀರು ಒಯ್ದೆವು, ಕೆಟ್ಟು ನಿಂತ ದೋಣಿಗಳನ್ನು ಎಳೆದು ತಂದೆವು. ಆಮೇಲೆ ಸುಟ್ಟ ಹಡಗುಗಳ ಸರದಿ. ಒಮ್ಮೆ ನಾಲ್ಕು ಹೆಣಗಳನ್ನು ಟಾರ್ಪಾಲಿನಲ್ಲಿ ಸುತ್ತಿ ನಮ್ಮ ಹಿಂದಿನ ಡೆಕ್ಕಿನಲ್ಲಿ ಮಲಗಿಸಿದರು. ದಡ ಸೇರಲು ಒಂದೂವರೆ ದಿನ. ಅಡುಗೆಯವನು ಆ ಕಡೆ ಸುಳಿಯಲಿಲ್ಲ. ಅವುಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು ನಮ್ಮ ಸಾರಂಗರೊಬ್ಬರೇ. ಡೆಕ್ಕಿನ ಕೆಲಸಗಾರರಿಗೆಲ್ಲ ಅವರೇ ಯಜಮಾನ. ಉಳ್ಳಾಲದ ಬ್ಯಾರಿ, ನನ್ನ ಕ್ಯಾಬಿನ್ ಜೊತೆಗಾರ. ಹೊನ್ನಾವರದ ನಾನು ಅವರನ್ನು ಕಾಕ ಎನ್ನುತ್ತಿದ್ದೆ.

"ಒಳಗೆ ಬನ್ನಿ ಕಾಕ, ಬಿಸಿಲು" ಎಂದೆ.

"ಹಕ್ಕಿ ಬಂದು ಕೂರ್ತದೆ ಮಾರಾಯ. ಯಾರಾದ್ರೂ ಬೇಕಲ್ಲ" ಎಂದರು.

ಆಮೇಲೆ ಒಂದು ಸರಕು ಹಡಗಿನ ಸರದಿ ಬಂತು. ಅದರ ಇಂಜಿನ್ ಕೋಣೆ ಸುಟ್ಟಿತ್ತು, ಜನರನ್ನೆಲ್ಲ ಇಳಿಸಿಯಾಗಿತ್ತು. ಅದನ್ನು ನಾವು ಎಳೆದು ತರಬೇಕು. ಎಳೆಯುವಾಗ ಹಗ್ಗದ ಆ ಕಡೆಯ ಕಟ್ಟು ನೋಡಿಕೊಳ್ಳಲು ಮೂವರು ಆ ಹಡಗಿನಲ್ಲೇ ಇರಬೇಕು. ಕಾಕ ಇಬ್ಬರು ಫಿಲಿಪಿನೋ ಹುಡುಗರೊಂದಿಗೆ ಹೋದರು. ಹೋಗುವಾಗ ಅಡುಗೆಮನೆಯಿಂದ ಎರಡು ಡಬ್ಬ ಮೊಸರು ತಕ್ಕೊಂಡರು.

ಮರುದಿನ ಮಧ್ಯಾಹ್ನ ಮೂರರ ಹೊತ್ತಿಗೆ ಬೆಂಗಾವಲಿನ ಯುದ್ಧನೌಕೆಯಿಂದ ರೇಡಿಯೋದಲ್ಲಿ ಆದೇಶ ಬಂತು. ಡ್ರೋನ್ ಬರುತ್ತಿದೆ, ಹಗ್ಗ ಬಿಟ್ಟು ದೂರ ಓಡಿ ಎಂದು. ಆ ಹಡಗಿನಲ್ಲಿ ಮೂವರಿದ್ದಾರೆಂದು ನಮ್ಮ ಕ್ಯಾಪ್ಟನ್ ಎರಡು ಸಲ ಹೇಳಿದರು. ಎರಡು ಸಲವೂ ಅದೇ ಉತ್ತರ.

ಎಳೆಯುವ ಉಕ್ಕಿನ ಹಗ್ಗ ಸುತ್ತಿದ ವಿಂಚಿನಲ್ಲಿ ಎಣ್ಣೆ ಸೋರುತ್ತಿತ್ತೆಂದು ನಾನು ಹಿಂದಿನ ಡೆಕ್ಕಿನಲ್ಲಿ ಅದರ ಪಕ್ಕವೇ ಇದ್ದೆ. ಕಾರವಾರದ ಕ್ಯಾಪ್ಟನ್, ನನ್ನ ಹತ್ತಿರ ಕನ್ನಡವೇ ಮಾತಾಡುತ್ತಿದ್ದವರು. ವಾಕಿಟಾಕಿಯಲ್ಲಿ ಅವರ ದನಿ ಬಂತು.

"ಸೆಕೆಂಡ್, ಹಗ್ಗ ಬಿಡು."

"ಕಾಕ ಅಲ್ಲಿದ್ದಾರೆ, ಕ್ಯಾಪ್ಟನ್."

"ಗೊತ್ತುಂಟು. ಇಲ್ಲಿ ಎಂಟು ಜನ ಇದ್ದೇವೆ. ಬಿಡು."

ನಾನು ಗುಂಡಿ ಒತ್ತಿದೆ. ಹಗ್ಗ ಕಿರುಚುತ್ತಾ ಬಿಚ್ಚಿಕೊಂಡು ನೀರಿಗೆ ಬಿತ್ತು. ಆ ಹಡಗಿನ ಮೂತಿಯಲ್ಲಿ ಕಾಕ ನಿಂತಿದ್ದರು. ಕೈ ಎತ್ತಿದರು. ನಿಲ್ಲಿ ಎಂದರೋ ಹೋಗಿ ಎಂದರೋ ನನಗೆ ತಿಳಿಯಲಿಲ್ಲ. ನಾವು ಕಾಲು ಮೈಲಿ ಹೋಗಿರಬಹುದು, ಅಷ್ಟರಲ್ಲಿ ಬಡಿಯಿತು. ಅವರಿನ್ನೂ ನಿಂತಿದ್ದ ಜಾಗವನ್ನೇ ಬೆಂಕಿ ಮುಚ್ಚಿತು.

ಸಂಜೆ ಹಿಂತಿರುಗಲು ಬಿಟ್ಟರು. ಹುಡುಗರಿಬ್ಬರೂ ನೀರಿನಲ್ಲಿ ಜೀವಂತ ಸಿಕ್ಕರು. ಹಗ್ಗ ಸಡಿಲವಾದ ಕೂಡಲೇ ಕಾಕ ತಮ್ಮನ್ನು ಹಾರಿಸಿದರು, ಹಾರುವ ಮೊದಲು ಲೈಫ್‌ಜಾಕೆಟ್ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದರು ಎಂದರು. ಕಾಕನಿಗೆ ಹಾರಲು ಹೊತ್ತು ಸಿಗಲಿಲ್ಲ. ಮರುದಿನದವರೆಗೆ ಹುಡುಕಿದರೂ ಅವರು ಸಿಗಲಿಲ್ಲ.

ಅಬುಧಾಬಿಗೆ ಬಂದ ಮೇಲೆ ರೀಮ್ ಐಲ್ಯಾಂಡಿನ ಆಫೀಸಿಗೆ ಕರೆದರು. ಮೇಜಿನ ಮೇಲೆ ಟಗ್ಗಿನ ಸೇವಾ ದಾಖಲೆ ಇತ್ತು, ಒಂದು ಕೆಲಸಕ್ಕೆ ಒಂದು ಸಾಲು. ಆ ದಿನದ ಸಾಲು: ಒತ್ತಡಕ್ಕೆ ಹಗ್ಗ ತುಂಡಾಯಿತು, ಒಬ್ಬ ಕಾಣೆ. ಕ್ಯಾಪ್ಟನ್ ಆಗಲೇ ಸಹಿ ಹಾಕಿದ್ದರು.

"ತುಂಡಾಗ್ಲಿಲ್ಲ. ನಾನೇ ಬಿಟ್ಟದ್ದು" ಎಂದೆ.

"ಬಿಟ್ಟದ್ದು ಅಂತ ಬರೆದ್ರೆ ಯಾರು ಬಿಟ್ಟದ್ದು ಅಂತ ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳೋದು" ಎಂದರು ಅಲ್ಲಿನ ಅಧಿಕಾರಿ.

ಸಹಿ ಹಾಕಿದೆ. ವೀಸಾ ಅವರ ಕೈಯಲ್ಲಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ಸಾಲಿನಲ್ಲಿ ಯಾರ ಕೈಯೂ ಇಲ್ಲದ್ದು ನನಗೆ ಸಮಾಧಾನವಾಗಿತ್ತು.

ಕಾಕನ ತಮ್ಮ ದುಬೈಯ ಸತ್ವಾದಲ್ಲಿ ಟೈಲರ್. ಅವರ ಬ್ಯಾಗು ಕೊಡಲು ಹೋದೆ. ಅವನು ಹೊಲಿಗೆ ನಿಲ್ಲಿಸದೆ ಕೇಳಿದ.

"ಹಗ್ಗ ತುಂಡಾಯ್ತಂತೆ. ಹೊಸ ಹಗ್ಗ ಹಾಕಿದ್ದಾರೆ ಅಂತ ಅಣ್ಣ ಫೋನಲ್ಲಿ ಹೇಳಿದ್ದ. ಹೊಸದು ಹೇಗೆ ತುಂಡಾಗ್ತದೆ?"

ಹೇಳಿಬಿಟ್ಟೆ, ಎಲ್ಲವನ್ನೂ. ಮಿಷನ್ ನಿಂತಿತು.

"ನೀವು ಬಿಡುದು ಅವನಿಗೆ ಕಂಡಿತಾ?"

"ಕಂಡಿತು."

ಅವನು ಸೂಜಿಯಡಿಯಿಂದ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟ. ಆಮೇಲೆ ಒಂದು ಹಾಳೆ ತಂದು ನನ್ನ ಮುಂದಿಟ್ಟ. "ಇದನ್ನೇ ಬರೆದು ಕೊಡಿ. ಕಾಣೆ ಅಂದ್ರೆ ಎಲ್ಲಿಯೋ ಇದ್ದಾನೆ ಅಂತ ಅತ್ತಿಗೆ ಫೋನ್ ಕಾಯ್ತಾ ಇದ್ದಾರೆ. ಗಂಡ ಸತ್ರೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದತ್ ಕೂರ್ಬೇಕು. ಅದಕ್ಕೂ ಕೂರ್ಲಿಲ್ಲ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಳೆಯಿಟ್ಟು ನಿಂತೇ ಬರೆದೆ. ಹಗ್ಗ ನಾನು ಬಿಟ್ಟೆ. ಬೆಂಕಿ ಅವರನ್ನು ಮುಚ್ಚಿದ್ದನ್ನು ನೋಡಿದೆ. ಬದುಕಿರಲು ಸಾಧ್ಯವಿಲ್ಲ. ಇನ್ನೊಂದು ಪ್ರತಿ ಕಂಪನಿಗೂ ಕಳಿಸಿದೆ.

ಊರಲ್ಲಿ ಆ ಕಾಗದವನ್ನು ಮಸೀದಿಯವರ ಮುಂದೆ ಓದಿಸಿದರಂತೆ. ಕಾಕನ ಹೆಂಡತಿ ಇದ್ದತ್ ಕೂತರು. ಕಂಪನಿಯಿಂದ ನನಗೆ ಬಂದ ಫೋನು ಅರ್ಧ ನಿಮಿಷದ್ದು. "ಖಲಾಸ್, ನಾಳೆಯಿಂದ ಬರಬೇಡಿ." ದಾಖಲೆಯ ಸಾಲನ್ನು ತಿದ್ದಲಿಲ್ಲವೆಂದು ಕ್ಯಾಪ್ಟನ್ನೇ ಒಮ್ಮೆ ತಿಳಿಸಿದರು. ಬಾಡಿಗೆ ಮುಗಿದು ಟಗ್ ಮತ್ತೆ ಬಂದರಿನ ಕೆಲಸಕ್ಕೆ ಬಂದಿದೆ.

ನಾನೀಗ ಸತ್ವಾದಲ್ಲೇ ಒಂದು ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುತ್ತೇನೆ. ಕಾಕನ ತಮ್ಮ ಬಸ್ ನಿಲ್ದಾಣದಲ್ಲಿ ಸಿಕ್ಕಿದರೆ ಸಲಾಂ ಹೇಳುತ್ತಾನೆ, ನಾನೂ ಹೇಳುತ್ತೇನೆ. ಅಂಗಡಿಗೆ ಬನ್ನಿ ಎಂದು ಅವನು ಕರೆದಿಲ್ಲ. ಪ್ಯಾಂಟು ಹೊಲಿಸುವುದಿದ್ದರೆ ನಾನು ಬಸ್ ಹಿಡಿದು ಕರಾಮಕ್ಕೆ ಹೋಗುತ್ತೇನೆ.